ಬುದ್ಧಿಯ ಅಳತೆಗೋಲು ಮತ್ತು ಕೆರೆಯ ಏರಿ

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಪಂಡಿತರ ಸಭೆಯಲ್ಲಿ, ಶಾಲೆಯ ಕೊಠಡಿಯಲ್ಲಿ, ಕಚೇರಿಯ ಪಡಸಾಲೆಯಲ್ಲಿ, ಎಲ್ಲೆಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಾಗಲಿಲ್ಲವೋ ಅಲ್ಲೆಲ್ಲ ಈ ಗಾದೆ ಒದಗಿಬರುತ್ತದೆ. ಆದರೆ ಇದರಲ್ಲಿ ತೀರ್ಪು ಕೊಡುತ್ತಿರುವವನು ಯಾರೆಂಬುದನ್ನು ನೋಡಬೇಕು. ಕಿನ್ನರಿ ಹಿಡಿದವನದೇ ಮಾತು. ಕೋಣ ಕಾಯುವವನನ್ನು ಯಾರೂ ಕೇಳಿದಂತಿಲ್ಲ. ಕೋಣವನ್ನು ನೀರಿಗಿಳಿಸುವುದಕ್ಕೆ, ಪೈರಿನ ಕಡೆಯಿಂದ ಹೊರಳಿಸುವುದಕ್ಕೆ, ಕತ್ತಲಾದಾಗ ಮನೆಗೆ ಕರೆಯುವುದಕ್ಕೆ ಅವನಲ್ಲಿ ಒಂದು ಭಾಷೆ ಇದೆ. ಅದು ಕೋಣಕ್ಕೂ ತಿಳಿಯುತ್ತದೆ.

ಬುದ್ಧಿಯಲ್ಲಿ ಬಹಳ ಅಂತರವುಳ್ಳ ಇಬ್ಬರು ಮನುಷ್ಯರು ಅರ್ಥವತ್ತಾಗಿ ಮಾತನಾಡಿಕೊಳ್ಳಬಲ್ಲರೆ? ಇದು ಹಳೆಯ ಪ್ರಶ್ನೆಯಾದರೂ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಅಂಕಿಗಳ ಉಡುಪು ಬಂದಿತು. ಇಬ್ಬರ ಬುದ್ಧಿಯ ಅಂಕದಲ್ಲಿ ೩೦ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಅವರ ನಡುವೆ ನಿಜವಾದ ಸಂಭಾಷಣೆ ಸಾಧ್ಯವಿಲ್ಲವೆಂದು ಓದಿದವರು ಕೂಡ ನಿರಾತಂಕವಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ಮಾತನ್ನೇ ಕಸುಬಾಗಿ ಉಳ್ಳ ಅಧ್ಯಾಪಕನಿಗೆ ಇದು ಸಣ್ಣ ವಿಷಯವಲ್ಲ. ಈ ಮಾತು ನಿಜವಾದರೆ ತರಗತಿಯ ಹಿಂದಿನ ಬೆಂಚಿನ ಅರ್ಧ ಮಂದಿಯನ್ನು ನಾವು ಮನೆಗೆ ಕಳುಹಿಸಿಬಿಡಬಹುದು. ಆದ್ದರಿಂದ ಇದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು.

ಅಳತೆಗೋಲು ಹುಟ್ಟಿದ್ದು ಪ್ಯಾರಿಸ್ ನಗರದಲ್ಲಿ. ಸಾಮಾನ್ಯ ಪಾಠವನ್ನು ಅನುಸರಿಸಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ನೆರವು ಕೊಡಬೇಕೆಂಬ ಉದ್ದೇಶದಿಂದ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬ ವಿದ್ವಾಂಸರು ೧೯೦೫ರಲ್ಲಿ ಕೆಲವು ಪ್ರಶ್ನೆಗಳ ಮಾಲೆಯನ್ನು ಸಿದ್ಧಪಡಿಸಿದರು. ಬುದ್ಧಿಯೆಂಬುದು ಹುಟ್ಟಿನಿಂದ ಬಂದ, ಎಂದಿಗೂ ಹೆಚ್ಚಲಾರದ ಒಂದು ಮೊತ್ತವೆಂದು ಬಿನೆ ನಂಬಿರಲಿಲ್ಲ. ಹಾಗೆನ್ನುವವರನ್ನು ಆತ ೧೯೦೯ರಲ್ಲಿಯೇ ಖಂಡಿಸಿದ. ಆದರೆ ೧೯೧೨ರಲ್ಲಿ ಜರ್ಮನಿಯ ಸ್ಟರ್ನ್ ಎಂಬಾತ ಮಗುವಿನ ಮನೋವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ಸೂಚಿಸಿದ. ೧೯೧೬ರಲ್ಲಿ ಅಮೆರಿಕದ ಟರ್ಮನ್ ಆ ಭಾಗಲಬ್ಧವನ್ನು ಪ್ರಚಾರಕ್ಕೆ ತಂದ. ಅಲ್ಲಿಂದ ಮುಂದೆ ಮನುಷ್ಯನ ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಬರೆಯುವ ಕಾಲ ಬಂದಿತು.

ಆ ಅಂಕಿಯ ಪ್ರತಾಪ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿಯುತ್ತಿದ್ದ ವಲಸೆಗಾರರನ್ನು ಹೆನ್ರಿ ಗಾಡರ್ಡ್ ಎಂಬ ಮನಶ್ಶಾಸ್ತ್ರಜ್ಞ ೧೯೧೨ರಿಂದ ಈಚೆಗೆ ದುಭಾಷಿಗಳ ಮೂಲಕ ಪರೀಕ್ಷಿಸಿದ. ಅವರೋ ಸಮುದ್ರಯಾನದಿಂದ ಬಳಲಿದ ಬಡಜನ. ಹಲವರು ಪೆನ್ಸಿಲನ್ನೇ ಹಿಡಿದವರಲ್ಲ. ಪರೀಕ್ಷೆಗೊಳಗಾದ ಇಟಲಿ, ಹಂಗೇರಿ, ರಷ್ಯಾ ದೇಶದವರಲ್ಲಿಯೂ ಯೆಹೂದ್ಯರಲ್ಲಿಯೂ ನೂರಕ್ಕೆ ಸುಮಾರು ೮೦ ಮಂದಿ ಮಂದಬುದ್ಧಿಯವರೆಂದು ಆತ ೧೯೧೭ರಲ್ಲಿ ಪ್ರಕಟಿಸಿದ. ಮೊದಲ ಪ್ರಯೋಗದ ಸಮಯದಲ್ಲಿಯೇ ಒಬ್ಬ ದುಭಾಷಿ, ತಾನು ಈ ದೇಶಕ್ಕೆ ಬಂದಿಳಿದ ಹೊಸದರಲ್ಲಿ ತನ್ನಿಂದಲೂ ಇದು ಆಗುತ್ತಿರಲಿಲ್ಲವೆಂದು ಹೇಳಿದನಂತೆ. ಆ ಮಾತನ್ನು ಬರೆದಿಟ್ಟವನು ಗಾಡರ್ಡನೇ; ಆದರೆ ಅದಕ್ಕೆ ಬೆಲೆ ಕೊಡಲಿಲ್ಲ. ಮುಂದೆ ೧೯೨೮ರಲ್ಲಿ ಆತನೇ ತನ್ನ ಅಭಿಪ್ರಾಯಗಳನ್ನು ಬಹುಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡ.

ಮೂವತ್ತು ಅಂಕಗಳ ಮಾತಿಗೆ ಮೂಲ ಲೀಟಾ ಹಾಲಿಂಗ್‌ವರ್ತ್ ಎಂಬ ವಿದುಷಿ. ಅಸಾಧಾರಣ ಬುದ್ಧಿಯ ಮಕ್ಕಳನ್ನು ಆಕೆ ನ್ಯೂಯಾರ್ಕಿನಲ್ಲಿ ಬಹುಕಾಲ ಅಭ್ಯಾಸ ಮಾಡಿದರು. ಆಕೆ ೧೯೩೯ರಲ್ಲಿ ತೀರಿಕೊಂಡ ಮೇಲೆ, ೧೯೪೨ರಲ್ಲಿ, ಆ ಅಭ್ಯಾಸ ಗ್ರಂಥರೂಪದಲ್ಲಿ ಹೊರಬಂದಿತು. ಮಕ್ಕಳ ಗುಂಪಿನಲ್ಲಿ ನಾಯಕನಾಗುವವನು ಇತರರಿಗಿಂತ ಸ್ವಲ್ಪ ಜಾಣನಾಗಿರುತ್ತಾನೆ, ಆದರೆ ಅಂತರ ಸುಮಾರು ೩೦ ಅಂಕಗಳನ್ನು ಮೀರಿದರೆ ಆ ನಾಯಕತ್ವ ಕೂಡಿಬರುವುದಿಲ್ಲ ಎಂಬುದು ಆಕೆ ಕಂಡುಕೊಂಡ ಸಂಗತಿ. ತೀರ ಜಾಣ ಮಕ್ಕಳ ಏಕಾಂಗಿತನವನ್ನು ಆಕೆ ಮರುಕದಿಂದ ವರ್ಣಿಸಿದ್ದಾರೆ. ಆ ನೋವು ನಿಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ನಾಯಕತ್ವ ಬೇರೆ, ಸಂಭಾಷಣೆ ಬೇರೆ. ಮಕ್ಕಳ ಆಟದ ಗುಂಪಿನ ಬಗ್ಗೆ ಹೇಳಿದ್ದನ್ನು ಮನುಷ್ಯಕುಲದ ಎಲ್ಲ ಮಾತುಕತೆಗೂ ಎಳೆದವರು ಅನಂತರದವರು.

ನಮ್ಮ ಕನ್ನಡಕ್ಕೂ ಈ ಅಳತೆಗೋಲು ಬಂದಿದೆ. ಮುಂಬಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಬಿನೆಯ ಪರೀಕ್ಷೆಗಳನ್ನು ತಿದ್ದಿ ರೂಪಿಸಿದವರು ಡಾಕ್ಟರ್ ವಿ. ವಿ. ಕಾಮತ್. ಅವರ ಲೇಖನ ೧೯೩೪ರಲ್ಲಿ ಬ್ರಿಟನ್ನಿನ ವಿದ್ವತ್ಪತ್ರಿಕೆಯಲ್ಲಿ ಬಂದಿತು, ಗ್ರಂಥ ೧೯೪೦ರಲ್ಲಿ. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಕನ್ನಡ ಮಗುವಿಗೆ ಹಾಗೆಯೇ ಕೇಳಲಾಗುವುದಿಲ್ಲ. ನಾಣ್ಯ ಬೇರೆ, ಮನೆ ಬೇರೆ, ಮಾತಿನ ಜಾಡು ಬೇರೆ. ಪ್ರಶ್ನೆಯನ್ನು ಬದಲಾಯಿಸದೆ ಉತ್ತರವನ್ನು ತೂಗಬಾರದು ಎಂಬ ತಿಳಿವಳಿಕೆಯೇ ಈ ಬಗೆಯ ಕೆಲಸದ ತಳಪಾಯ. ಗಾಡರ್ಡನ ದುಭಾಷಿ ಹೇಳಹೊರಟಿದ್ದೂ ಇದನ್ನೇ.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಅಳತೆಗೋಲು ಹುಟ್ಟುವುದಕ್ಕೆ ನೂರು ವರ್ಷ ಮೊದಲು ಇಂಥದೇ ಒಂದು ಪರೀಕ್ಷೆ ಮಧುಗಿರಿ, ಶಿರಾಗಳ ಬಯಲಿನಲ್ಲಿ ನಡೆದಿತ್ತು. ೧೭೯೯ರಲ್ಲಿ ಟಿಪ್ಪುಸುಲ್ತಾನ ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ದೊಡ್ಡಬಳ್ಳಾಪುರದಿಂದ ಮಧುಗಿರಿಯ ಮಾರ್ಗವಾಗಿ ಶಿರಾಕ್ಕೆ ಬಂದ. ಎಡಿನ್‌ಬರೋದಲ್ಲಿ ಓದಿದವನು, ಸಸ್ಯಶಾಸ್ತ್ರದಲ್ಲಿ ಪಾರಂಗತ. ಅವನ ಎದುರಿಗೆ ನಿಂತವರು ರಾಗಿ ಬೆಳೆಯುವ ಒಕ್ಕಲಿಗರು, ದನ ಸಾಕುವ ಗೊಲ್ಲರು, ನೇಯುವವರು, ಕಬ್ಬಿಣ ಕರಗಿಸುವವರು. ನಡುವೆ ದುಭಾಷಿ. ಒಂದು ಎಕರೆಗೆ ಎಷ್ಟು ಬೀಜ, ಎಷ್ಟು ಉಳುಮೆ, ಯಾವ ಮಣ್ಣಿಗೆ ಯಾವ ಬೆಳೆ, ಹಸು ಎಷ್ಟು ವರ್ಷಕ್ಕೆ ಕರು ಹಾಕುತ್ತದೆ, ಮದುವೆಯ ಕಟ್ಟಳೆ ಏನು ಎಂದು ಅವನು ಬಿಡದೆ ಕೇಳಿದ. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು.

ಜನರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಬುಕಾನನ್ ಅಲ್ಲಲ್ಲಿ ದೂರುತ್ತಾನೆ. ಇದರಲ್ಲಿ ಆಶ್ಚರ್ಯವೇನು? ದಂಡುಗಳ ತುಳಿತದಿಂದ ನಲುಗಿದ ಸೀಮೆ ಅದು. ಪ್ರಶ್ನೆ ಕೇಳುವ ಅಧಿಕಾರಿಯೆಂದರೆ ಹಿಂದೆಯೇ ಕಂದಾಯ ಬರುತ್ತದೆಂದು ರೈತ ಬಲ್ಲ. ಎಷ್ಟು ಬೆಳೆಯುತ್ತೀಯೆ ಎಂದು ಕೇಳಿದರೆ ಕಡಮೆ ಹೇಳುವುದು ದಡ್ಡತನದ ಲಕ್ಷಣವಲ್ಲ. ಆದರೂ ಆ ಮೂರು ಸಂಪುಟಗಳು ಇಂದಿಗೂ ಚರಿತ್ರಕಾರರಿಗೆ ಬೇಕಾಗಿವೆ. ಅವುಗಳಲ್ಲಿ ತುಂಬಿರುವ ವಿದ್ಯೆಯ ಬಹುಪಾಲು ಬುಕಾನನ್ನನದಲ್ಲ, ಹೆಸರಿಲ್ಲದ ಆ ಒಕ್ಕಲಿಗರದು ಮತ್ತು ಗೊಲ್ಲರದು. ದನಕರುಗಳ ವಿಷಯದಲ್ಲಿ ಅವರೇ ಗುರುಗಳು, ಅವನು ಶಿಷ್ಯ. ಕೇಳುವ ವಿಷಯ ಬದಲಾದ ಕೂಡಲೆ ಬುದ್ಧಿವಂತನ ಸ್ಥಾನವೂ ಅದಲುಬದಲಾಯಿತು.

ಕೆರೆಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ೧೮೬೪ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಸ್ಯಾಂಕಿಯವರು ಸಂಸ್ಥಾನದ ಕೆರೆಗಳನ್ನು ಕಂಡು ಬೆರಗಾದರು. ೨೭,೨೬೯ ಚದರ ಮೈಲಿಯ ಸೀಮೆಯಲ್ಲಿ ನೂರಕ್ಕೆ ೬೦ರಷ್ಟು ಭಾಗ ಕೆರೆಗಳ ಏರ್ಪಾಟಿಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಇನ್ನೊಂದು ಜಾಗ ಹುಡುಕಬೇಕಾದರೆ ಜಾಣ್ಮೆ ಬೇಕೆಂದೂ ಅವರು ಬರೆದರು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮುಂದಿನದಕ್ಕೆ. ಮಳೆಯ ಹನಿ ಸುಮ್ಮನೆ ಹರಿದುಹೋಗದಂತೆ ಸರಪಣಿ. ಇಳಿಜಾರನ್ನು ಕಣ್ಣಳತೆಯಲ್ಲಿ ಕಂಡುಕೊಂಡು ಏರಿ ಹಾಕಿದವರಲ್ಲಿ ಮಣ್ಣಿನ ಕೆಲಸದಲ್ಲಿ ಪಳಗಿದ ಭೋವಿಗಳಿದ್ದರು, ಊರಿನ ರೈತರಿದ್ದರು. ಬಹುಮಂದಿಗೆ ಅಕ್ಷರದ ಗಂಧವಿರಲಿಲ್ಲ.

ಶಿರಾ ತಾಲ್ಲೂಕಿನ ಮದಲೂರಿನ ಕೆರೆಯ ಹೆಸರನ್ನು ಪತ್ರಿಕೆ ಓದುವವರು ಬಲ್ಲರು. ಬಹುಕಾಲ ನೀರು ಕಾಣದೆ ಒಣಗಿ, ಹೇಮಾವತಿಯ ನೀರಿಗಾಗಿ ಅರ್ಜಿ, ಹೋರಾಟ, ಭರವಸೆಗಳನ್ನೆಲ್ಲ ಕಂಡ ಕೆರೆ ಅದು. ಕೆಲವು ವರ್ಷಗಳ ಹಿಂದೆ ಆ ಊರಿಗೆ ಹೋಗಿದ್ದಾಗ ಏರಿಯ ಮೇಲೆ ಒಬ್ಬ ವೃದ್ಧರು ಸಿಕ್ಕಿದರು. ಅವರ ಮನೆತನದವರು ನೀರುಗಂಟಿಗಳಂತೆ. "ಈ ಕೆರೆ ಎಷ್ಟು ನೀರು ಹಿಡಿಯುತ್ತೆ, ಯಜಮಾನರೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಯಾವ ಬೆಳೆಗೆ ಮೇಷ್ಟ್ರೇ?" ಎಂದರು. ನಾನು ಕೇಳಿದ್ದು ಒಂದು ಮೊತ್ತ. ಅವರ ಲೆಕ್ಕದಲ್ಲಿ ನೀರೆಂದರೆ ಇಷ್ಟು ಗದ್ದೆಗೆ, ಇಷ್ಟು ದಿನಕ್ಕೆ, ಇಷ್ಟು ಮನೆಗೆ ಎಂಬ ಹಂಚಿಕೆ. ಭತ್ತವಾದರೆ ಇಷ್ಟೇ ಗದ್ದೆ, ರಾಗಿಯಾದರೆ ಅದರ ಮೇಲೆ ಇಷ್ಟು, ಹಿಂಗಾರು ಕೈಕೊಟ್ಟರೆ ಯಾವ ಕಡೆಯ ತೂಬನ್ನು ಮೊದಲು ಮುಚ್ಚಬೇಕು ಎಂದೆಲ್ಲ ಬೆರಳು ಮಡಿಸಿ ಹೇಳಿದರು. ಆ ಉತ್ತರವನ್ನು ಘನ ಅಡಿಗಳ ಕಾಲಂನಲ್ಲಿ ಬರೆಯಲು ಬರುವುದಿಲ್ಲ. ಹಾಗೆಂದು ಅದು ಉತ್ತರವಲ್ಲವೆ?

ಹಳೆಯ ಮೈಸೂರಿನ ಗ್ರಾಮಗಳಲ್ಲಿ ಶಾನುಭೋಗನೂ ನೀರುಗಂಟಿಯೂ ಇಬ್ಬರೂ ಊರಿನ ಆಯಗಾರರು. ಒಬ್ಬನ ಕೈಯಲ್ಲಿ ಕಡತ, ಇನ್ನೊಬ್ಬನ ಕೈಯಲ್ಲಿ ಗುದ್ದಲಿ. ಒಬ್ಬನಿಗೆ ಗದ್ದೆಯ ವಿಸ್ತೀರ್ಣ ಗೊತ್ತು, ಇನ್ನೊಬ್ಬನಿಗೆ ಅದರ ದಾಹ ಗೊತ್ತು. ಸುಗ್ಗಿ ಸುಗ್ಗಿಗೂ ಇವರಿಬ್ಬರ ಮಾತು ಕೂಡದಿದ್ದರೆ ಊರಿಗೆ ಅನ್ನವಿಲ್ಲ. ಇವರ ಬುದ್ಧಿಯನ್ನು ಅಳೆದು ವ್ಯತ್ಯಾಸ ಬರೆದವರು ಯಾರೂ ಇಲ್ಲ. ಆದರೆ ಮಾತು ಕೂಡಿದ್ದರಿಂದಲೇ ಶತಮಾನಗಳ ಕಾಲ ಗದ್ದೆಗಳಿಗೆ ನೀರು ಹರಿಯಿತು.

ಇದನ್ನು ಹೇಳುವಾಗ ಹಳೆಯ ಕಾಲವನ್ನು ಹೊಗಳುವ ಚಪಲಕ್ಕೆ ಬೀಳಬಾರದು. ಅನೇಕ ಊರುಗಳಲ್ಲಿ ನೀರುಗಂಟಿ ಅಸ್ಪೃಶ್ಯನೆನಿಸಿಕೊಂಡವನು. ಶಾನುಭೋಗನ ಜಗಲಿಯ ಕೆಳಗೆ, ದೂರದಲ್ಲಿ ನಿಂತು ಅವನು ಮಾತನಾಡಬೇಕಾಗಿತ್ತು. ಅವನು ತಲೆ ತಗ್ಗಿಸಿ ಚಿಕ್ಕದಾಗಿ ಹೇಳಿದ ಮಾತನ್ನು ಕೇಳಿ, ಇವನಿಗೆ ಇಷ್ಟೇ ತಿಳಿಯುವುದು ಎಂದುಕೊಂಡವರೂ ಇದ್ದಿರಬೇಕು. ನಾವು ಬುದ್ಧಿಯ ದೂರವೆಂದು ಕರೆಯುವುದು ಎಷ್ಟೋ ವೇಳೆ ಜಗಲಿಗೂ ಅಂಗಳಕ್ಕೂ ಇರುವ ದೂರ. ಎದುರಿನವನನ್ನು ಅಂಗಳದಲ್ಲಿ ನಿಲ್ಲಿಸಿ, ಅವನು ಬಾಯಿ ಬಿಡುವುದಿಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ.

ಇಂಥದೇ ಒಂದು ಸಂಗತಿಯನ್ನು ರಷ್ಯಾದ ಲೂರಿಯಾ ಎಂಬ ಮನಶ್ಶಾಸ್ತ್ರಜ್ಞ ದಾಖಲೆ ಮಾಡಿದ್ದಾನೆ. ೧೯೩೧-೩೨ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಲ್ಲಿ ಅಕ್ಷರವರಿಯದ ರೈತರನ್ನು ಆತ ಮಾತನಾಡಿಸಿದ. ದೂರದ ಉತ್ತರದಲ್ಲಿ, ಹಿಮ ಬೀಳುವ ಕಡೆ, ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ದೂರದ ಉತ್ತರದಲ್ಲಿದೆ. ಅಲ್ಲಿನ ಕರಡಿಯ ಬಣ್ಣ ಯಾವುದು? ಇದು ಪ್ರಶ್ನೆ. ತಾನು ಅಲ್ಲಿಗೆ ಹೋದವನಲ್ಲ, ಕಾಣದ್ದನ್ನು ಹೇಳಲಾರೆ, ಕಂಡವರನ್ನು ಕೇಳಿ ಎಂಬ ಅರ್ಥದ ಉತ್ತರಗಳು ಬಂದವು. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ. ಆದರೆ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತು ಹೀಗೆ ಹೇಳಿದ್ದರೆ ಇವನಿಗಿಂತ ಒಳ್ಳೆಯ ಸಾಕ್ಷಿ ಇಲ್ಲವೆನ್ನುತ್ತಿದ್ದೆವು. ಅದೇ ಸೀಮೆಯಲ್ಲಿ ಸ್ವಲ್ಪಕಾಲ ಶಾಲೆಗೆ ಹೋದವರು ಈ ಆಟದ ನಿಯಮವನ್ನು ಬೇಗನೆ ಹಿಡಿದರೆಂದು ಲೂರಿಯಾ ಬರೆದಿದ್ದಾನೆ. ನಿಯಮವನ್ನು ಕಲಿಯಬಹುದಾದರೆ ಮೊದಲಿದ್ದ ಅಂತರವನ್ನು ಬುದ್ಧಿಯ ಅಂತರವೆಂದು ಪೂರ್ತಿಯಾಗಿ ಕರೆಯುವುದು ಹೇಗೆ?

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ನೀವು ಹೇಳುತ್ತಿರುವುದು ಓದಿಲ್ಲದವರ ಕಥೆ. ಓದು ಬೇರೆ, ಬುದ್ಧಿ ಬೇರೆ. ನಿಜವಾಗಿಯೂ ಬುದ್ಧಿ ಬೆಳೆಯದವರ ಗತಿ ಏನು? ಆಕ್ಷೇಪ ಸರಿಯಾದುದು. ಬುದ್ಧಿಯಲ್ಲಿ ನಿಜವಾದ ಹೆಚ್ಚುಕಡಮೆಗಳಿವೆ. ಮಹಾಗಣಿತಜ್ಞನೊಬ್ಬನ ಪ್ರಮೇಯವನ್ನು ಎಷ್ಟು ಬಿಡಿಸಿ ಹೇಳಿದರೂ ನನ್ನಂಥವರಿಗೆ ಅದರ ಹೊಸ್ತಿಲು ದಾಟಲಾಗುವುದಿಲ್ಲ. ಇದನ್ನು ಮುಚ್ಚಿಟ್ಟರೆ ವಾದ ಗೆದ್ದಂತಾಗುವುದಿಲ್ಲ.

ಈ ಆಕ್ಷೇಪಕ್ಕೆ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಬುಕಾನನ್ ನಮ್ಮ ಸೀಮೆಯಲ್ಲಿ ಪ್ರಶ್ನೆ ಕೇಳುತ್ತಿದ್ದ ೧೮೦೦ನೆಯ ಇಸವಿಯಲ್ಲಿಯೇ ಫ್ರಾನ್ಸಿನ ಅವೆರೋನ್ ಕಾಡಿನಿಂದ ಬಂದ ಒಬ್ಬ ಹುಡುಗನನ್ನು ಪ್ಯಾರಿಸ್ಸಿಗೆ ಕರೆತಂದರು. ಮಾತು ಬಾರದು, ಕರೆದರೆ ತಿರುಗುವುದಿಲ್ಲ. ಹುಟ್ಟಾ ಬುದ್ಧಿಹೀನನೆಂದು ದೊಡ್ಡ ದೊಡ್ಡ ವೈದ್ಯರು ತೀರ್ಮಾನಿಸಿದರು. ಇಟಾರ್ ಎಂಬ ತರುಣ ವೈದ್ಯ ಮಾತ್ರ ಒಪ್ಪದೆ, ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು, ಸುಮಾರು ಐದು ವರ್ಷ ಪಾಠ ಹೇಳಿದ. ಅಕ್ಷರದ ಹಲಗೆಗಳು, ಬಣ್ಣದ ಕಾಗದಗಳು, ಬಗೆಬಗೆಯ ಯುಕ್ತಿಗಳು. ಹುಡುಗ ಕೆಲವು ಬರೆದ ಶಬ್ದಗಳನ್ನು ಗುರುತಿಸಿದ. ಮಾತು ಮಾತ್ರ ಬರಲೇ ಇಲ್ಲ. ಇಟಾರ್ ಕೊನೆಗೆ ಕೈಚೆಲ್ಲಿದ.

ಆದರೆ ಆ ಹುಡುಗನ ಊಟ, ಬಟ್ಟೆ, ನಿದ್ರೆಗಳನ್ನು ನೋಡಿಕೊಳ್ಳಲು ಮದಾಮ್ ಗೆರಾಂ ಎಂಬ ಹೆಂಗಸಿದ್ದಳು. ಆಕೆಯ ಗಂಡನೂ ಅದೇ ಮನೆಯಲ್ಲಿದ್ದ. ಊಟದ ಮೇಜಿಗೆ ತಟ್ಟೆ ಹಾಕುವುದು ವಿಕ್ಟರನ ಕೆಲಸ. ಗಂಡ ಕಾಯಿಲೆಯಿಂದ ತೀರಿಕೊಂಡ. ಅಂದು ಹುಡುಗ ಎಂದಿನಂತೆ ಅವನ ತಟ್ಟೆಯನ್ನೂ ಹಾಕಿದ. ಅದನ್ನು ಕಂಡು ಆಕೆ ಅತ್ತಳು. ಅವಳ ಮುಖ ನೋಡಿದ ವಿಕ್ಟರ್ ತಟ್ಟೆಯನ್ನು ಮೆಲ್ಲಗೆ ತೆಗೆದು ಬೀರುವಿನಲ್ಲಿಟ್ಟ, ಮತ್ತೆಂದೂ ಹಾಕಲಿಲ್ಲ. ಈ ಪ್ರಸಂಗವನ್ನು ಬರೆದವನು ಇಟಾರನೇ, ೧೮೦೬ರ ತನ್ನ ವರದಿಯಲ್ಲಿ. ಪಾಠ ನಿಂತ ಮೇಲೂ ವಿಕ್ಟರ್ ೧೮೨೮ರಲ್ಲಿ ಸಾಯುವವರೆಗೆ ಆಕೆಯ ಆಶ್ರಯದಲ್ಲಿಯೇ ಇದ್ದ. ಸಾವು, ದುಃಖ, ಸಂತಾಪ ಇವುಗಳಿಗಿಂತ ಅರ್ಥವತ್ತಾದ ವಿಷಯ ಮನುಷ್ಯರ ನಡುವೆ ಯಾವುದಿದೆ? ಒಂದು ಶಬ್ದದ ನೆರವೂ ಇಲ್ಲದೆ ಅದು ಅಲ್ಲಿ ಒಬ್ಬರಿಂದೊಬ್ಬರಿಗೆ ಮುಟ್ಟಿತು.

ನಮ್ಮ ಹಳ್ಳಿಗಳಲ್ಲಿಯೂ ಇದನ್ನು ಕಾಣಬಹುದು. ಬುದ್ಧಿ ಸಾಲದ ಹುಡುಗನೊಬ್ಬ ಕುರಿಯ ಹಿಂದೆ ಹೋಗಿ ಸಂಜೆ ಬಂದು, ಇಂಥ ಕುರಿ ಇವತ್ತು ಮೇಯಲಿಲ್ಲವೆಂದು ಅಜ್ಜಿಗೆ ತನ್ನ ತೊದಲಿನಲ್ಲಿ ತಿಳಿಸುತ್ತಾನೆ. ಆಕೆ ಎದ್ದುಹೋಗಿ ಅದರ ಹೊಟ್ಟೆ ಮುಟ್ಟಿ ನೋಡುತ್ತಾಳೆ. ಅವನ ಮಾತು ಉಳಿದವರಿಗೆ ತಿಳಿಯದು. ಆಕೆಗೆ ತಿಳಿಯುತ್ತದೆ, ಏಕೆಂದರೆ ಇಪ್ಪತ್ತು ವರ್ಷ ಕೇಳಿದ್ದಾಳೆ. ಬುದ್ಧಿಯ ಅಂತರವನ್ನು ದಾಟಲು ಹೆಚ್ಚು ಸಾಮರ್ಥ್ಯವುಳ್ಳವರ ಕಡೆಯಿಂದ ಹೆಚ್ಚು ತಾಳ್ಮೆ ಬೇಕು. ಈ ಭಾರವನ್ನು ಸಮನಾಗಿ ಹಂಚಲು ಬರುವುದಿಲ್ಲ, ಹೊರಬಲ್ಲವರೇ ಹೊರಬೇಕು.

ಹೀಗೆ ಭಾರ ಹೊತ್ತ ವಿದ್ವಾಂಸರು ಕನ್ನಡನಾಡಿನಲ್ಲಿ ಇಲ್ಲದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ನಮ್ಮ ತುಮಕೂರು ಸೀಮೆಯವರೇ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, ವಿಜ್ಞಾನವನ್ನು ಇಂಗ್ಲಿಷ್ ಬಲ್ಲವರ ಸೊತ್ತಾಗಲು ಬಿಡದೆ, ೧೯೧೮ರ ಸುಮಾರಿನಲ್ಲಿಯೇ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡಗೂಡಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೂ ಕಠಿನ ವಿಷಯವನ್ನು ತಿಳಿಯುವ ಮಾತಿನಲ್ಲಿ ಹೇಳುವ ಹೊಣೆ ಹೇಳುವವನದೆಂಬುದನ್ನು ಅದು ಒಪ್ಪಿಕೊಂಡಿತ್ತು.

ಇನ್ನೊಬ್ಬರು ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು. ಇವರ ಜೀವನ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಎಲ್ಲ ಬುದ್ಧಿಕಾರ್ಯಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆಯೆಂದು ೧೯೦೪ರಲ್ಲಿ ಪ್ರತಿಪಾದಿಸಿದ ಸ್ಪಿಯರ್ಮನ್ನರ ಬಳಿ ಲಂಡನ್ನಿನಲ್ಲಿ ಅಭ್ಯಾಸ ಮಾಡಿದವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಬುದ್ಧಿಯ ಅಳತೆಯ ವಿದ್ಯೆಯನ್ನು ಅದರ ಮೂಲದಲ್ಲಿಯೇ ಕಲಿತ ಇವರು ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನ ತಮ್ಮ ಮನೆಯಲ್ಲಿ ೩೦ ವ್ಯಾಟ್ ಶಕ್ತಿಯ ಒಂದು ಪುಟ್ಟ ಬಾನುಲಿಯನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು, ಆ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ನಿಂತಿತು. ಬಾನುಲಿಯ ಮುಂದೆ ಕುಳಿತವನಿಗೆ ಅಕ್ಷರ ಬೇಡ. ಅವನ ಬುದ್ಧಿಯ ಅಂಕ ಎಷ್ಟೆಂದು ಯಾರೂ ಕೇಳುವುದಿಲ್ಲ. ಮಾತನಾಡುವವನು ಮಾತ್ರ, ಕಾಣದ ಕೇಳುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನ್ನು ಸರಿಪಡಿಸಿಕೊಳ್ಳಬೇಕು. ಜನರ ಬುದ್ಧಿಯ ತಾರತಮ್ಯವನ್ನು ಶಾಸ್ತ್ರವಾಗಿ ಬಲ್ಲ ಮನುಷ್ಯ ಎಲ್ಲರಿಗೂ ಕೇಳಿಸುವ ಯಂತ್ರವನ್ನು ಹೂಡಿದನೆಂಬುದು ನನಗೆ ಬಹಳ ಅರ್ಥವುಳ್ಳ ಸಂಗತಿಯಾಗಿ ತೋರುತ್ತದೆ.

ಸಾಹಿತ್ಯದ ಅಧ್ಯಾಪಕನಾದ ನನಗೆ ಇನ್ನೊಂದು ನೆನಪು ಬರದಿರದು. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥವಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು. ಅರಮನೆಯ ಪಂಡಿತರ ಅಲಂಕಾರಶಾಸ್ತ್ರ. ಅಂಥ ಗ್ರಂಥವೇ ಈ ನಾಡಿನ ಸಾಮಾನ್ಯ ಜನರಿಗೆ, ಓದು ಇಲ್ಲದಿದ್ದರೂ, ಕಾವ್ಯದ ಸೂಕ್ಷ್ಮ ಗೊತ್ತೆಂದು ಸಾರಿತು. ಶಿರಾ, ಚಳ್ಳಕೆರೆಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಆ ಮಾತಿಗೆ ಇಂದಿಗೂ ಸಾಕ್ಷಿ ಇದೆ. ಉದ್ದನೆಯ ಬಿದಿರಿನ ಗಣೆಯನ್ನು ಊದುತ್ತ ಜುಂಜಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುವವರು ಪುಸ್ತಕ ನೋಡಿ ಹಾಡುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳು ಆಕೆಯ ನಾಲಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರರು ಆಕೆಯ ಎದುರು ಕುಳಿತು ಅವನ್ನು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿ ಕೊಟ್ಟಿತು. ಅಲ್ಲಿ ಯಾರು ಯಾರಿಗಿಂತ ಎಷ್ಟು ಅಂಕ ಮುಂದೆ?

ನಮ್ಮ ಕಾಲೇಜುಗಳಿಗೆ ಪಾವಗಡ, ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಮೊದಲ ವರ್ಷ ಬಾಯಿ ಬಿಡುವುದಿಲ್ಲ. ಇವರ ತಲೆಗೆ ಹೋಗುವುದಿಲ್ಲವೆಂದು ಅಧ್ಯಾಪಕರ ಕೊಠಡಿಯಲ್ಲಿ ಮಾತು ಬರುವುದುಂಟು. ಹಳಗನ್ನಡ ಪದ್ಯದಲ್ಲಿ ಬರುವ ಕಣ, ಮೇಟಿ, ತೂರುವ ಗಾಳಿ ಇವುಗಳನ್ನು ವಿವರಿಸಲು ನಗರದ ಜಾಣ ಹುಡುಗರು ನಿಘಂಟು ತೆರೆಯುತ್ತಾರೆ. ಹಿಂದಿನ ಬೆಂಚಿನವರನ್ನು ಕೇಳಿದರೆ, ಮೇಟಿಯ ಕಂಬಕ್ಕೆ ಯಾವ ಮರ ಒಳ್ಳೆಯದೆಂಬುದನ್ನೂ ಸೇರಿಸಿ ಹೇಳುತ್ತಾರೆ.

ಬುದ್ಧಿಯ ಅಂತರ ಇದ್ದೇ ಇದೆ. ಅದನ್ನು ಅಳೆಯುವುದರಿಂದ ಕೆಲವು ಮಕ್ಕಳಿಗೆ ಸಕಾಲದಲ್ಲಿ ನೆರವೂ ದೊರೆತಿದೆ. ಬಿನೆ ಬಯಸಿದ್ದು ಅದನ್ನೇ. ಆದರೆ ಅಳತೆಯ ಅಂಕಿಯನ್ನು ಹಿಡಿದು, ಇವರೊಡನೆ ಮಾತು ಸಾಧ್ಯವಿಲ್ಲವೆಂದು ಮೊದಲೇ ಬಾಗಿಲು ಹಾಕುವುದಕ್ಕೆ ಚರಿತ್ರೆಯ ಆಧಾರವಿಲ್ಲ. ಮಾತು ಕೆಟ್ಟ ಕಡೆಗಳಲ್ಲಿ ಭಯ, ಅವಸರ, ಅಂತಸ್ತು, ಬದಲಾಯಿಸದ ಪ್ರಶ್ನೆ ಇವೇ ಹೆಚ್ಚಾಗಿ ಕಾಣುತ್ತವೆ. ಮಾತು ಕೂಡಿದ ಕಡೆಗಳಲ್ಲಿ ಇಬ್ಬರಿಗೂ ಬೇಕಾದ ಒಂದು ವಸ್ತುವಿರುತ್ತದೆ, ಅದು ಕೆರೆಯ ನೀರಾಗಬಹುದು, ಕುರಿಯಾಗಬಹುದು, ಸತ್ತವನ ತಟ್ಟೆಯಾಗಬಹುದು. ಹೆಚ್ಚು ಬಲ್ಲೆನೆನ್ನುವವರು ಆ ವಸ್ತು ಯಾವುದೆಂದು ಹುಡುಕಿಕೊಂಡು, ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾದಿದ್ದರೆ ಸಾಕು.